ಪರಸ್ಥಳದಿಂದ ಬಂದವರಿಗೆ ಉಚಿತವಾಗಿ ಕಲಿಸತಕ್ಕ ಮೊಬೈಲ್ ವಿದ್ಯೆ

ಓದುಬರಹ ತಿಳಿಯದ ಮನುಷ್ಯನು ಸಾಲದ ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತುವಾಗ ಅದರಲ್ಲಿ ಏನು ಬರೆದಿದೆ ಎಂಬದನ್ನು ಬರೆದವನ ಬಾಯಿಂದಲೇ ಕೇಳಿ ನಂಬಬೇಕಾಗಿತ್ತು. ಇಪ್ಪತ್ತು ಎಂದು ಓದಿ ಹೇಳಿದ ಪತ್ರದಲ್ಲಿ ಇನ್ನೂರು ಎಂದು ಬರೆದಿದ್ದರೂ ಅವನಿಗೆ ಗೊತ್ತಾಗುವ ದಾರಿ ಇರಲಿಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಈ ಸಂಕಟವನ್ನು ಅನುಭವಿಸಿದವರೇ. ಬಾಸೆಲ್ ಮಿಶನಿನವರು 1834ನೇ ಇಸವಿಯಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನೂ ಅಚ್ಚುಕೂಟವನ್ನೂ ಸ್ಥಾಪಿಸಿದರು. 1843ರಲ್ಲಿ ಮೋಗ್ಲಿಂಗ್ ಸಾಹೇಬರು ‘ಮಂಗಳೂರ ಸಮಾಚಾರ’ವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಅಕ್ಷರವು ಬಡವನ ಕೈಗೂ ಬಂದಾಗ ಅವನು ಪತ್ರವನ್ನು ತಾನೇ ಓದಿ, ಒಪ್ಪಬೇಕೋ ಒಪ್ಪಬಾರದೋ ಎಂದು ತಾನೇ ನಿರ್ಣಯಿಸುವವನಾದನು. ಇದು ಎಷ್ಟು ದೊಡ್ಡ ಉಪಕಾರವೆಂಬದನ್ನು ನಮ್ಮ ಜನರಿಗೆ ಹೆಚ್ಚಾಗಿ ವಿವರಿಸಬೇಕಾದ ಅವಶ್ಯವಿಲ್ಲ.

ಈ ಕಾಲದಲ್ಲಿ ಕೂಲಿಯ ಹಣವೂ ಪಡಿತರದ ಅಕ್ಕಿಯೂ ಸರಕಾರದ ಸಹಾಯವೂ ಮನೆಯವರ ಕ್ಷೇಮಸಮಾಚಾರವೂ ಅಂಗೈಯಷ್ಟು ಅಗಲವಾದ ಮೊಬೈಲ್ ಫೋನಿನೊಳಗಿಂದ ಬರುತ್ತವೆ. ಹೆಬ್ಬೆಟ್ಟಿನ ಸ್ಥಾನಕ್ಕೆ ಪಿನ್ ಎಂಬ ಗುಟ್ಟಿನ ಅಂಕೆಯೂ ಒಟಿಪಿ ಎಂಬ ಒಂದೇ ಸಾರಿ ಸಲ್ಲುವ ಅಂಕೆಯೂ ಬಂದಿವೆ. ಇವುಗಳನ್ನು ಅರಿಯದವನು ಅಕ್ಷರ ಬಲ್ಲವನಾದರೂ ಹಳೇ ಕಾಲದ ಹೆಬ್ಬೆಟ್ಟಿನವನಂತೆಯೇ ಇರುವನು. ಸ್ವಂತ ಊರಿನಲ್ಲಿರುವವನಿಗಾದರೂ ಕೇಳಿ ತಿಳಿಯುವದಕ್ಕೆ ಅಣ್ಣತಮ್ಮಂದಿರು ಉಂಟು. ಊರು ಬಿಟ್ಟು ಬಂದವನಿಗೆ ಯಾರುಂಟು? ಆದದರಿಂದ ವಲಸೆ ಬಂದವರಿಗೂ ಆಶ್ರಯಾರ್ಥಿಗಳಿಗೂ ಈ ವಿದ್ಯೆಯನ್ನು ಹಣ ತೆಗೆದುಕೊಳ್ಳದೆ ಕಲಿಸುವ ವಿಷಯವನ್ನು ಈ ತಿಂಗಳ ಪಾಠವಾಗಿ ಆರಿಸಿಕೊಂಡಿದ್ದೇವೆ. ನಾವು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ: ಪರಸ್ಥಳದವನ ಫೋನನ್ನು ಅವನಿಗಾಗಿ ಒತ್ತಿಕೊಡುವದು ಒಂದು ದಿವಸದ ಸಹಾಯ, ಅವನ ಕೈಯಿಂದಲೇ ಒತ್ತಿಸಿ ಕಲಿಸುವದು ಅವನನ್ನು ಇನ್ನೊಬ್ಬನ ಹಂಗಿನಿಂದ ಬಿಡಿಸುವದು.

1. ಪರಸ್ಥಳದವರು ಯಾರು?

ನಮ್ಮ ಸಿದ್ದಾಪುರ ಸೀಮೆಯಲ್ಲಿ ಮಳೆ ನಿಂತು ಅಡಿಕೆಯ ಕೊನೆಕೊಯ್ಲು ಸಮೀಪಿಸುವಾಗ ಕೆಲಸ ಹುಡುಕಿಕೊಂಡು ಬರುವವರನ್ನು ನಾವೆಲ್ಲರೂ ನೋಡುತ್ತೇವೆ. ಕೆಲವರು ಬಯಲುಸೀಮೆಯ ಒಣಭೂಮಿಯಿಂದ ಬರುತ್ತಾರೆ. ಕೆಲವರು ಕನ್ನಡವನ್ನೇ ಅರಿಯದ ದೂರದ ರಾಜ್ಯಗಳಿಂದ ರೈಲು ಹತ್ತಿ, ಇಳಿದು, ಬಸ್ಸು ಹಿಡಿದು ಬರುತ್ತಾರೆ. ತೋಟಕ್ಕೆ ಮಣ್ಣು ಹಾಕುವಲ್ಲಿಯೂ ಮನೆ ಕಟ್ಟುವಲ್ಲಿಯೂ ರಸ್ತೆ ಮಾಡುವಲ್ಲಿಯೂ ದುಡಿದು, ತಗಡಿನ ಶೆಡ್ಡುಗಳಲ್ಲಿ ಮಲಗುತ್ತಾರೆ. ಇವರು ವಲಸೆಯ ಕೂಲಿಯವರು.

ಎರಡನೆಯವರು ಆಶ್ರಯಾರ್ಥಿಗಳು, ಅಂದರೆ ಸ್ವದೇಶದಲ್ಲಿ ಬಾಳಲಾರದೆ ಪ್ರಾಣರಕ್ಷಣೆಗಾಗಿ ಓಡಿಬಂದವರು. ಇಂಥವರು ಎಲ್ಲೋ ಪಶ್ಚಿಮ ದೇಶಗಳಲ್ಲಿ ಮಾತ್ರ ಇರುವರೆಂದು ನಾವು ಎಣಿಸಬಾರದು. ಶಿರಸಿಯ ಆಚೆ, ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ, ಟಿಬೆಟಿನವರ ದೊಡ್ಡ ನೆಲೆ ಇದೆ. 1959ನೇ ಇಸವಿಯಲ್ಲಿ ದಲೈ ಲಾಮಾರವರು ಟಿಬೆಟನ್ನು ಬಿಟ್ಟು ಭಾರತಕ್ಕೆ ಬಂದ ಮೇಲೆ ಸಾವಿರಾರು ಜನರು ಹಿಮಾಲಯವನ್ನು ದಾಟಿ ಅವರ ಹಿಂದೆ ಬಂದರು. ಅಂದಿನ ಮೈಸೂರು ರಾಜ್ಯದ ಸರಕಾರವು ಅವರಿಗೆ ಭೂಮಿಯನ್ನು ಕೊಟ್ಟಿತು. ಮುಂಡಗೋಡದ ನೆಲೆಯು 1966ರಲ್ಲಿ ಆರಂಭವಾಯಿತು. ಹಿಮದ ನಾಡಿನವರು ಇಲ್ಲಿಯ ಮಳೆ ಸೆಕೆಗಳನ್ನು ತಾಳಿಕೊಂಡು ಕಾಡುನೆಲವನ್ನು ಹಸನುಮಾಡಿ ಭತ್ತವನ್ನೂ ಗೋವಿನಜೋಳವನ್ನೂ ಬೆಳೆಯಲು ಕಲಿತರು. ಡ್ರೆಪುಂಗ್, ಗಾಂದೆನ್ ಎಂಬ ಅವರ ಪ್ರಸಿದ್ಧ ಮಠಗಳು ಅಲ್ಲಿ ಪುನಃ ಸ್ಥಾಪಿತವಾದವು. ಚಳಿಗಾಲದಲ್ಲಿ ಪಟ್ಟಣಗಳ ಬೀದಿಗಳಲ್ಲಿ ಸ್ವೆಟರ್ ಮಾರುವ ಟಿಬೆಟಿನವರನ್ನು ನೋಡದವರು ನಮ್ಮಲ್ಲಿ ಕಡಿಮೆ.

ಯಲ್ಲಾಪುರದ ಕಾಡುಗಳಲ್ಲಿರುವ ಸಿದ್ದಿ ಜನರನ್ನೂ ಇಲ್ಲಿ ಜ್ಞಾಪಕಮಾಡಿಕೊಳ್ಳೋಣ. ಅವರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಬಹುಮಂದಿ ದಾಸರಾಗಿ ತರಲ್ಪಟ್ಟವರು. ಈಗ ಅವರನ್ನು ಪರದೇಶದವರೆಂದು ಹೇಳುವದು ತಪ್ಪು. ಅವರು ಕನ್ನಡವನ್ನೂ ಕೊಂಕಣಿಯನ್ನೂ ಆಡುವ ನಮ್ಮ ಜಿಲ್ಲೆಯ ಮಕ್ಕಳೇ. ಆದರೂ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸೇರಿದ್ದು 2003ರಲ್ಲಿ. ಪರಸ್ಥಳದವನು ನೆರೆಯವನಾಗುವದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬದು ಬಂದವನ ಪ್ರಯತ್ನದ ಮೇಲೆ ಮಾತ್ರವಲ್ಲ, ಇದ್ದವರ ಮನಸ್ಸಿನ ಮೇಲೆಯೂ ನಿಂತಿದೆ.

ಮೂರನೆಯವರು ನಮ್ಮ ಸ್ವಂತ ಮಕ್ಕಳೇ. ನಮ್ಮ ಸಭೆಗಳ ಯಾವ ಮನೆಯಿಂದಾದರೂ ಒಬ್ಬ ಮಗನಾಗಲಿ ಮಗಳಾಗಲಿ ಬೆಂಗಳೂರಿಗೋ ಗೋವೆಗೋ ಕೊಲ್ಲಿಯ ದೇಶಗಳಿಗೋ ಹೋಗಿರುವರು. ಇಲ್ಲಿ ಊರಿನವರಾದ ನಾವು ಅಲ್ಲಿ ಪರಸ್ಥಳದವರು. ಮೊವಾಬಿನಿಂದ ಬೇತ್ಲೆಹೇಮಿಗೆ ಬಂದು ಹಕ್ಕಲಾಯ್ದ ರೂತಳ ಚರಿತ್ರೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವಲ್ಲವೇ? ಆ ಹೊಲದಲ್ಲಿ ಅವಳಿಗೆ ದಯೆ ದೊರಕಿದಂತೆ ನಮ್ಮ ಮಕ್ಕಳಿಗೂ ಪರವೂರಿನಲ್ಲಿ ದೊರಕಲಿ ಎಂದು ಆಶಿಸುವವರು, ನಮ್ಮೂರಿನ ಶೆಡ್ಡಿನಲ್ಲಿರುವವನನ್ನು ಕುರಿತು ಏನು ಮಾಡುತ್ತೇವೆ?

2. ಈ ವಿದ್ಯೆ ಇಲ್ಲದಿದ್ದರೆ ಆಗುವದೇನು?

ದೂರದ ಒಡಿಶಾದಿಂದ ಬಂದ ಒಬ್ಬ ಕೂಲಿಯವನನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳಿರಿ. ಇಲ್ಲಿಗೆ ಬಂದ ಮೇಲೆ ಅವನು ಊರಿನ ಸಿಮ್ಮಿಗೆ ಹಣ ಹಾಕುವದನ್ನು ನಿಲ್ಲಿಸಿ, ಮೇಸ್ತ್ರಿ ಕೊಡಿಸಿದ ಹೊಸ ಸಿಮ್ಮನ್ನು ಹಾಕಿಕೊಳ್ಳುತ್ತಾನೆ. ಅವನ ಬ್ಯಾಂಕು ಖಾತೆಗೂ ಆಧಾರಕ್ಕೂ ಹಳೆಯ ಅಂಕೆಯೇ ಕೂಡಿಸಿರುತ್ತದೆ. ಆದದರಿಂದ ಒಟಿಪಿ ಬಂದರೆ ಆ ಹಳೆಯ ಅಂಕೆಗೆ ಬರುವದು, ಅದು ಸತ್ತುಹೋಗಿದೆ. ಕೆಲವು ಕಾಲದ ಮೇಲೆ ಅದೇ ಅಂಕೆಯನ್ನು ಕಂಪೆನಿಯವರು ಬೇರೊಬ್ಬನಿಗೆ ಕೊಡುವದೂ ಉಂಟು. ಹೀಗೆ ಅವನು ಬಾಗಿಲ ಬೀಗವನ್ನು ತಾನೇ ಹಾಕಿ, ಕೀಲಿಕೈಯನ್ನು ದಾರಿಯಲ್ಲಿ ಬಿಟ್ಟುಬಂದವನಂತಾದನು. ಆಗ ಮೇಸ್ತ್ರಿಯು, ‘ಚಿಂತಿಸಬೇಡ ತಮ್ಮಾ, ನಿನ್ನ ಕೂಲಿಯನ್ನು ನನ್ನ ಖಾತೆಗೇ ಹಾಕಿಸಿಕೊಂಡು ನಿನಗೆ ಕೊಡುತ್ತೇನೆ’ ಅನ್ನುತ್ತಾನೆ. ಮೇಸ್ತ್ರಿಯು ಒಳ್ಳೆಯವನಾದರೆ ಹಣ ಬಂದೀತು. ಒಳ್ಳೆಯವನಲ್ಲದಿದ್ದರೆ ಮುಂಗಡದ ಲೆಕ್ಕ, ಊಟದ ಲೆಕ್ಕ, ಶೆಡ್ಡಿನ ಬಾಡಿಗೆ ಎಂದು ಕಡಿದುಕೊಂಡು, ಉಳಿದದ್ದನ್ನು ಊರಿಗೆ ಹೋಗುವ ದಿವಸದ ವರೆಗೂ ತಡೆದಿಟ್ಟುಕೊಳ್ಳಬಹುದು. ಕೂಲಿಯವನು ಬಿಟ್ಟುಹೋಗಲಾರನು, ಹೋದರೆ ದುಡಿದದ್ದೂ ಹೋಗುವದು. ಒಂದು ಅಂಕೆಯನ್ನು ಕಳಕೊಂಡದ್ದರಿಂದ ಒಬ್ಬ ಸ್ವತಂತ್ರ ಮನುಷ್ಯನು ಜೀತದ ಹೊಸ್ತಿಲಿಗೆ ಬಂದು ನಿಲ್ಲುವದು ಹೀಗೆ.

2020ನೇ ಇಸವಿಯ ಮಾರ್ಚ್ 25ರಿಂದ ದೇಶವೆಲ್ಲ ಮುಚ್ಚಲ್ಪಟ್ಟ ಸಂಗತಿಯನ್ನು ಯಾರೂ ಮರೆತಿಲ್ಲ. ಕೆಲಸ ನಿಂತಿತು, ಕೂಲಿ ನಿಂತಿತು, ಬಸ್ಸು ರೈಲುಗಳೂ ನಿಂತವು. ಮೇ 1ರಿಂದ ಕೂಲಿಯವರಿಗಾಗಿ ಶ್ರಮಿಕ ರೈಲುಗಳು ಹೊರಟಾಗ ನಮ್ಮ ರಾಜ್ಯವನ್ನು ಬಿಟ್ಟು ಹೋಗಬೇಕಾದವರು ‘ಸೇವಾ ಸಿಂಧು’ ಎಂಬ ಸರಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು. ಹಸಿದು ದಾರಿಯಲ್ಲಿ ನಿಂತವನಿಗೆ ಮನೆಗೆ ಹೋಗುವ ಬಾಗಿಲು ಫೋನಿನ ಒಳಗಿತ್ತು. ಹೆಸರು, ವಿಳಾಸ, ಅಂಕೆಗಳನ್ನು ತುಂಬಬಲ್ಲವನು ಅಥವಾ ತುಂಬಿಕೊಡುವ ಗೆಳೆಯನುಳ್ಳವನು ಆ ಬಾಗಿಲನ್ನು ತಟ್ಟಿದನು. ಉಳಿದವರಲ್ಲಿ ಎಷ್ಟೋ ಮಂದಿ ಹೆಂಡತಿಮಕ್ಕಳನ್ನು ಕರಕೊಂಡು ನಡೆದೇ ಹೊರಟರು.

ಆಶ್ರಯಾರ್ಥಿಗಳ ಸಂಕಟವು ಇನ್ನೊಂದು ವಿಧವಾದದ್ದು. ಅವರಿಗೆ ಫೋನು ಅಂದರೆ ಬಿಟ್ಟುಬಂದ ದೇಶಕ್ಕೂ ತಮಗೂ ಉಳಿದಿರುವ ಒಂದೇ ದಾರ. ಭಾರತದಲ್ಲಿರುವ ಟಿಬೆಟಿನವರು ಸ್ವದೇಶದಲ್ಲಿರುವ ತಂದೆತಾಯಿಗಳ ಸಂಗಡ ವೀಚಾಟ್ ಎಂಬ ಚೀನದ ಆ್ಯಪಿನ ಮೂಲಕ ಮಾತಾಡುವದು ವಾಡಿಕೆಯಾಗಿತ್ತು. 2020ರ ಜೂನ್ 29ರಂದು ಭಾರತ ಸರಕಾರವು 59 ಚೀನೀ ಆ್ಯಪುಗಳನ್ನು ನಿಷೇಧಿಸಿದಾಗ ವೀಚಾಟೂ ನಿಂತುಹೋಯಿತು. ಅನೇಕ ಕುಟುಂಬಗಳ ದಾರವು ಒಂದೇ ರಾತ್ರಿಯಲ್ಲಿ ಕಡಿದುಬಿತ್ತು. ಆಶ್ರಯಾರ್ಥಿಗಳಲ್ಲಿ ಫೋನು ಇರುವವರೇ ಕಡಿಮೆಯೆಂಬದನ್ನೂ ತಿಳಿಯಬೇಕು. ಇಂಟರ್ನೆಟ್ ನಡೆಯುವ ಫೋನು ಇರುವ ಸಂಭವವು ಲೋಕದ ಇತರ ಜನರಿಗಿಂತ ಆಶ್ರಯಾರ್ಥಿಗಳಲ್ಲಿ ಅರ್ಧದಷ್ಟು ಕಡಿಮೆಯೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಇಲಾಖೆಯವರು 2016ರಲ್ಲಿ ತಿಳಿಸಿದರು.

3. ಇದು ವರೆಗೆ ನಡೆದ ಪ್ರಯತ್ನಗಳು

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಹಳ್ಳಿಗಳಲ್ಲಿ ಉಚಿತವಾಗಿ ಕಲಿಸುವ ದೊಡ್ಡ ಯೋಜನೆಯೊಂದು ನಡೆದು ಮುಗಿದಿದೆ. ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಎಂಬದು ಅದರ ಹೆಸರು. 2017ರ ಫೆಬ್ರವರಿಯಲ್ಲಿ ಮಂಜೂರಾದ ಈ ಯೋಜನೆಯಲ್ಲಿ ಕುಟುಂಬಕ್ಕೆ ಒಬ್ಬರಂತೆ 14ರಿಂದ 60 ವರ್ಷದೊಳಗಿನವರಿಗೆ 20 ತಾಸುಗಳ ಶಿಕ್ಷಣ ಕೊಡಲ್ಪಟ್ಟಿತು. 6 ಕೋಟಿ ಜನರಿಗೆ ಕಲಿಸಬೇಕೆಂದು ಹೊರಟು, 2024ರ ಮಾರ್ಚ್ 31ಕ್ಕೆ ಮುಗಿಯುವಷ್ಟರಲ್ಲಿ 6 ಕೋಟಿ 39 ಲಕ್ಷ ಜನರಿಗೆ ಕಲಿಸಿದರು. ಇದು ಶ್ಲಾಘ್ಯವಾದ ಕಾರ್ಯವೇ. ಆದರೆ ಯೋಚಿಸಿ ನೋಡಿರಿ: ಕುಟುಂಬವನ್ನು ಎಣಿಸುವದು ಊರಿನಲ್ಲಿ, ವಲಸೆಯವನು ಇರುವದು ಶೆಡ್ಡಿನಲ್ಲಿ. ಊರಿನಲ್ಲಿ ಪಾಠ ನಡೆದಾಗ ಅವನು ಇಲ್ಲಿದ್ದನು; ಇಲ್ಲಿ ನಡೆದಾಗ ಅವನು ಇಲ್ಲಿಯ ಕುಟುಂಬದವನಲ್ಲ. ಎಲ್ಲರಿಗೂ ಎಂದು ಹಾಸಿದ ಪಂಕ್ತಿಯಲ್ಲಿಯೂ ದಾರಿಹೋಕನಿಗೆ ಎಲೆ ಹಾಕುವವರು ಬೇರೆಯಾಗಿ ಬೇಕಾಗುತ್ತಾರೆ.

ಪಶ್ಚಿಮದ ಒಂದು ಉದಾಹರಣೆಯನ್ನು ಹೇಳುವೆವು. 2015ರಲ್ಲಿ ಸಿರಿಯ ಮೊದಲಾದ ದೇಶಗಳಿಂದ ಲಕ್ಷಗಟ್ಟಲೆ ಜನರು ಯುದ್ಧಕ್ಕೆ ಹೆದರಿ ಜರ್ಮನಿಯನ್ನು ಸೇರಿದರು. ಅವರಿಗೆ ಕಂಪ್ಯೂಟರ್ ವಿದ್ಯೆಯನ್ನು ಹಣವಿಲ್ಲದೆ ಕಲಿಸುವದಕ್ಕೆ ಬರ್ಲಿನ್ ಪಟ್ಟಣದಲ್ಲಿ ‘ರೆಡಿ ಸ್ಕೂಲ್’ ಎಂಬ ಶಾಲೆ ಹುಟ್ಟಿತು. ಕಂಪೆನಿಗಳಲ್ಲಿ ಕೆಲಸದಲ್ಲಿರುವವರು ಅಲ್ಲಿಗೆ ಬಂದು ಸಂಬಳವಿಲ್ಲದೆ ಪಾಠ ಹೇಳುತ್ತಾರೆ. ಹೀಗೆ ಕಲಿಯುವವನಿಗೆ ವಿದ್ಯೆ ಮಾತ್ರವಲ್ಲ, ಹೊಸ ಊರಿನಲ್ಲಿ ಒಬ್ಬ ಪರಿಚಿತನೂ ದೊರಕುವನು. ಕೆಲಸ ಹುಡುಕುವಾಗ ಆ ಪರಿಚಯವು ವಿದ್ಯೆಯಷ್ಟೇ ಬೆಲೆಯುಳ್ಳದ್ದು.

ಇದಕ್ಕಿಂತಲೂ ನಮಗೆ ಹತ್ತಿರವಾದದ್ದು ಟಿಬೆಟಿನವರ ಉದಾಹರಣೆ. 2009ರಲ್ಲಿ ಕೆನಡ ದೇಶದ ಟೊರೊಂಟೊ ವಿಶ್ವವಿದ್ಯಾಲಯದ ಪಂಡಿತರು ಮತ್ತು ಅವರ ಸಹಕಾರಿಗಳು ಶೋಧಿಸಿದಾಗ, ದಲೈ ಲಾಮಾರವರ ಕಚೇರಿಯ ಕಂಪ್ಯೂಟರುಗಳೊಳಗೆ ಗೂಢಚಾರರು ಹೊಕ್ಕದ್ದು ಬೈಲಿಗೆ ಬಂತು. 103 ದೇಶಗಳ 1,295 ಕಂಪ್ಯೂಟರುಗಳು ಅದೇ ಬಲೆಯೊಳಗೆ ಬಿದ್ದಿದ್ದವು. ಕಳ್ಳರು ಬಂದದ್ದು ಗೋಡೆ ಒಡೆದಲ್ಲ. ಪರಿಚಿತರು ಬರೆದಂತೆ ಕಾಣುವ ಇ-ಮೇಲಿಗೆ ಒಂದು ಕಡತವನ್ನು ಲಗತ್ತಿಸಿ ಕಳುಹಿದರು, ಓದುವವರು ಅದನ್ನು ತೆರೆದರು, ಅಷ್ಟೇ. ಆ ಮೇಲೆ ಟಿಬೆಟಿನ ಕಾರ್ಯಕರ್ತರು ತಮ್ಮ ಜನರಿಗೆ ಕಲಿಸಲಾರಂಭಿಸಿದ ಪಾಠವು ಬಹು ಸರಳವಾದದ್ದು: ಲಗತ್ತಿಸಿ ಬಂದದ್ದರ ಆಸೆಯನ್ನು ಬಿಡಿರಿ. ಆಸೆ ಬಿಡುವ ಮಾತು ಅವರ ಧರ್ಮದಲ್ಲಿ ಮಕ್ಕಳೂ ಬಲ್ಲದ್ದು. ಬಲ್ಲ ಮಾತಿನ ಮೇಲೆ ಹೊಸ ಮಾತನ್ನು ನಿಲ್ಲಿಸಿದ್ದರಿಂದ ಮಠದ ಮುದುಕ ಸನ್ಯಾಸಿಗೂ ಅದು ತಿಳಿಯಿತು. ಕಲಿಸುವವರೆಲ್ಲರೂ ಈ ಉಪಾಯವನ್ನು ಗಮನಿಸತಕ್ಕದ್ದು.

4. ಕಲಿಸತಕ್ಕ ಆರು ಪಾಠಗಳು

ವಿದ್ಯೆಯು ಸಮುದ್ರದಷ್ಟಿದೆ, ದಣಿದು ಬಂದ ಕೂಲಿಯವನಿಗೆ ಸಂಜೆಯ ಒಂದು ತಾಸು ಮಾತ್ರ ಉಂಟು. ಆದದರಿಂದ ಮೊದಲು ಬೇಕಾದದ್ದನ್ನೇ ಮೊದಲು ಕಲಿಸಬೇಕು.

ಒಂದನೆಯದು, ಭಾಷೆ. ಫೋನಿನ ಭಾಷೆಯನ್ನು ಅವನ ಸ್ವಂತ ಭಾಷೆಗೆ ಬದಲಾಯಿಸುವದನ್ನು ತೋರಿಸಿರಿ. ಕನ್ನಡ, ಹಿಂದಿ, ಬಂಗಾಲಿ, ಒಡಿಯಾ ಮೊದಲಾದ ಭಾಷೆಗಳು ಬಹಳ ಫೋನುಗಳಲ್ಲಿ ಇವೆ. ಓದಲು ಬಾರದವನಿಗೆ ಬಾಯಿಂದ ಹೇಳಿದ್ದನ್ನು ಫೋನೇ ಬರಕೊಳ್ಳುವದನ್ನೂ, ಬರೆದದ್ದನ್ನು ಓದಿಹೇಳುವದನ್ನೂ ತೋರಿಸಿರಿ. ಎಷ್ಟೋ ಮಂದಿಗೆ ಅರ್ಧ ಭಯವು ಇಲ್ಲಿಯೇ ಕಳೆಯುವದು.

ಎರಡನೆಯದು, ಅಂಕೆಯನ್ನು ಜೀವಂತವಾಗಿ ಇಡುವದು. ಬ್ಯಾಂಕಿಗೂ ಆಧಾರಕ್ಕೂ ಕೂಡಿಸಿದ ಸಿಮ್ಮನ್ನು ಬಿಡಬಾರದು. ಬಿಡಲೇಬೇಕಾದರೆ ಮುಂಚೆ ಬ್ಯಾಂಕಿಗೂ ಆಧಾರ ಕೇಂದ್ರಕ್ಕೂ ಹೋಗಿ ಹೊಸ ಅಂಕೆಯನ್ನು ಕೂಡಿಸಿಕೊಳ್ಳಬೇಕು. ತನ್ನ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂಬದನ್ನು 2023ರಲ್ಲಿ ಆರಂಭವಾದ ‘ಸಂಚಾರ ಸಾಥಿ’ ಎಂಬ ಸರಕಾರದ ಜಾಲತಾಣದಲ್ಲಿ ನೋಡಬಹುದು. ಕಳೆದುಹೋದ ಫೋನನ್ನು ಕಳ್ಳನಿಗೆ ಉಪಯೋಗವಾಗದಂತೆ ಅಲ್ಲಿಯೇ ತಡೆಯಿಸಬಹುದು.

ಮೂರನೆಯದು, ಹಣ. ಯುಪಿಐ ಎಂಬ ಪದ್ಧತಿಯು 2016ರಲ್ಲಿ ಆರಂಭವಾಯಿತು. ಇದರಲ್ಲಿ ಬಾಯಿಪಾಠ ಮಾಡಿಸತಕ್ಕ ಮಾತು ಒಂದುಂಟು: ಹಣವನ್ನು ಕೊಡುವದಕ್ಕೆ ಪಿನ್ ಬೇಕು, ತೆಗೆದುಕೊಳ್ಳುವದಕ್ಕೆ ಬೇಡ. ‘ನಿಮಗೆ ಹಣ ಬಂದಿದೆ, ಪಿನ್ ಒತ್ತಿರಿ’ ಎಂದು ಯಾವನಾದರೂ ಹೇಳಿದರೆ ಅವನು ಕೊಡುವವನಲ್ಲ, ಕದಿಯುವವನು. ಬೆರಳಚ್ಚಿನಿಂದ ಹಣ ತೆಗೆಯುವ ಕಡೆಯಲ್ಲಿಯೂ ಪರದೆಯ ಮೇಲಿನ ಮೊತ್ತವನ್ನು ಓದಿದ ಮೇಲೆಯೇ ಬೆರಳಿಡಬೇಕು. ಚೀಟಿ ಕೇಳಿ ಪಡೆಯಬೇಕು. ‘ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಇಡಿರಿ’ ಅಂದರೆ ಖಾತೆಯಿಂದ ಹಣ ಹೋಯಿತೋ ಇಲ್ಲವೋ ಎಂದು ಮೊದಲು ವಿಚಾರಿಸಬೇಕು.

ನಾಲ್ಕನೆಯದು, ಹಕ್ಕಿನ ನೋಂದಣಿ. ಅಸಂಘಟಿತ ಕೆಲಸದವರಿಗಾಗಿ ಕೇಂದ್ರ ಸರಕಾರವು 2021ರ ಆಗಸ್ಟ್ 26ರಂದು ‘ಇ-ಶ್ರಮ್’ ಎಂಬ ಜಾಲತಾಣವನ್ನು ತೆರೆಯಿತು. 30 ಕೋಟಿಗಿಂತ ಹೆಚ್ಚು ಜನರು ಅದರಲ್ಲಿ ಹೆಸರು ಬರೆಸಿ 12 ಅಂಕೆಗಳ ಕಾರ್ಡನ್ನು ಪಡೆದಿದ್ದಾರೆ. ಫೋನಿನ ಅಂಕೆ ಆಧಾರಕ್ಕೆ ಕೂಡಿದ್ದರೆ ಯಾರ ನೆರವೂ ಇಲ್ಲದೆ ತಾನೇ ಹಣವಿಲ್ಲದೆ ಬರೆಸಿಕೊಳ್ಳಬಹುದು. ಮನೆ, ರಸ್ತೆ ಕಟ್ಟುವ ಕೆಲಸದವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿವಸ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿಯೂ ಹೆಸರು ಬರೆಸಬಹುದು.

ಐದನೆಯದು, ಅನ್ನ. ಒಂದು ದೇಶ, ಒಂದು ಪಡಿತರ ಚೀಟಿ ಎಂಬ ಕ್ರಮವು 2022ರ ಹೊತ್ತಿಗೆ ಎಲ್ಲಾ ರಾಜ್ಯಗಳಿಗೂ ವ್ಯಾಪಿಸಿತು. ಆಹಾರ ಭದ್ರತೆಯ ಕಾಯಿದೆಯೊಳಗೆ ಬರುವ ಕುಟುಂಬದವನು ತನ್ನ ಪಾಲಿನ ಧಾನ್ಯವನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿಯೂ ಪಡೆಯಬಹುದು. ಈ ಮಾತನ್ನು ಅರಿಯದೆ ಊರಿನಲ್ಲಿ ಅಕ್ಕಿಯನ್ನು ಬಿಟ್ಟು ಇಲ್ಲಿ ಕೂಲಿಯಿಂದ ಕೊಂಡು ಉಣ್ಣುವವರು ಉಂಟು.

ಆರನೆಯದು, ದೂರು. ಫೋನಿನ ಮೂಲಕ ಹಣ ಕಳುವಾದರೆ ತಡಮಾಡದೆ 1930 ಎಂಬ ಅಂಕೆಗೆ ಕರೆಮಾಡಬೇಕು. ಹಣವು ಕಳ್ಳನ ಖಾತೆಯಿಂದ ಮುಂದಕ್ಕೆ ಜಾರುವ ಮುಂಚೆ ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಮೂರು ದಿವಸ ಸುಮ್ಮನಿದ್ದವನಿಗೆ ಆ ಸಾಧ್ಯತೆಯು ಕಡಿಮೆಯಾಗುವದು.

5. ಕಲಿಸುವ ವಿಧ

ಉಚಿತವೆಂದ ಮಾತ್ರಕ್ಕೆ ಜನರು ಬರುವದಿಲ್ಲ. ಹಗಲಲ್ಲಿ ಪಾಠವಿಟ್ಟರೆ ಒಂದು ದಿವಸದ ಕೂಲಿ ಹೋಗುವದು. ಆಗ ಅದು ಉಚಿತವಲ್ಲ. ದೂರದಲ್ಲಿಟ್ಟರೆ ಬಸ್ಸಿನ ಖರ್ಚಾಗುವದು. ಚಿಕ್ಕ ಮಕ್ಕಳನ್ನು ಎಲ್ಲಿ ಬಿಡಬೇಕೆಂದು ತೋರದೆ ಹೆಂಗಸರು ಹಿಂದೆ ನಿಲ್ಲುವರು. ಆದದರಿಂದ ಪಾಠವು ಸಂಜೆಯಲ್ಲಿಯೋ ವಾರದ ರಜೆಯಲ್ಲಿಯೋ, ಶೆಡ್ಡಿನ ಬಳಿಯಲ್ಲಿಯೋ ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿಯೋ ಆಗಬೇಕು. ಈ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಈಗ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಹೊಂದಿವೆ; ಅನೇಕ ಕಡೆಗಳಲ್ಲಿ ಅಲ್ಲಿ ಕಂಪ್ಯೂಟರೂ ಇಂಟರ್ನೆಟ್ಟೂ ದೊರಕುತ್ತವೆ. ಹೆಂಗಸರಿಗೆ ಹೆಂಗಸರೇ ಕಲಿಸಲಿ. ಮಕ್ಕಳನ್ನು ಬದಿಯಲ್ಲಿ ಆಡಿಸುವದಕ್ಕೆ ಒಬ್ಬರಿರಲಿ.

ಮಲೆನಾಡಿನ ಇನ್ನೊಂದು ತೊಂದರೆಯನ್ನು ನಾವು ಬಲ್ಲೆವು. ಕಣಿವೆಯ ಮನೆಗಳಲ್ಲಿ ನೆಟ್‌ವರ್ಕ್ ಸಿಕ್ಕುವದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ಮಕ್ಕಳು ಪಾಠ ಕೇಳುವದಕ್ಕೆ ಗುಡ್ಡ ಹತ್ತಿ ಕೂತಿದ್ದರು. ಆದದರಿಂದ ನೆಟ್‌ವರ್ಕ್ ಇರುವ ಸ್ಥಳವನ್ನು ಮೊದಲು ಗೊತ್ತುಮಾಡಿಕೊಂಡು ಪಾಠವಿಡತಕ್ಕದ್ದು.

ಕಲಿಸುವವನು ಕಲಿಯುವವನ ಫೋನನ್ನು ಮುಟ್ಟದಿರುವದು ಎಲ್ಲಕ್ಕಿಂತ ಮುಖ್ಯವಾದ ನಿಯಮ. ‘ಕೊಡಿ, ನಾನೇ ಮಾಡಿಕೊಡುತ್ತೇನೆ’ ಎನ್ನುವದು ಸುಲಭ. ಒಂದು ನಿಮಿಷದಲ್ಲಿ ಕೆಲಸವೂ ಆಗುವದು. ಆದರೆ ನಾಳೆ ಅವನು ತಿರಿಗಿ ಬರಬೇಕಾಗುವದು. ಅವನ ಬೆರಳು ತಪ್ಪಿದರೂ ತಪ್ಪಲಿ, ಹತ್ತು ಸಾರಿ ಹಿಂದೆಮುಂದೆ ಹೋಗಲಿ, ಕೈಗಳನ್ನು ಕಟ್ಟಿಕೊಂಡು ಬಾಯಿಂದ ಮಾತ್ರ ಹೇಳಿರಿ. ಅವನು ಪಿನ್ ಒತ್ತುವ ಹೊತ್ತಿಗೆ ಮುಖವನ್ನು ಆಚೆ ತಿರುಗಿಸಿ, ‘ಅಣ್ಣಾ, ಈ ಅಂಕೆಯನ್ನು ಕಲಿಸುವ ನಮಗೂ ಹೇಳಬೇಡಿರಿ’ ಅನ್ನಿರಿ. ಈ ಒಂದು ನಡತೆಯಿಂದ ಅವನು ಕಲಿಯುವದು ಒಂದು ತಾಸಿನ ಉಪದೇಶದಿಂದ ಕಲಿಯುವದಕ್ಕಿಂತ ಹೆಚ್ಚು. ಮೇಸ್ತ್ರಿಯು ಕೇಳುವಾಗಲೂ ಬ್ಯಾಂಕಿನವನೆಂದು ಹೇಳಿಕೊಳ್ಳುವವನು ಕೇಳುವಾಗಲೂ ಅವನಿಗೆ ಆ ತಿರುಗಿದ ಮುಖವು ನೆನಪಿಗೆ ಬರುವದು.

ಇದಲ್ಲದೆ, ಅವರಲ್ಲಿಯೇ ಚುರುಕಾದ ಒಬ್ಬನನ್ನು ಮೊದಲು ಕಲಿಸಿ, ಅವನಿಂದ ಉಳಿದವರಿಗೆ ಅವರ ಭಾಷೆಯಲ್ಲಿ ಹೇಳಿಸಿರಿ. ಭಾಷೆ ಬಾರದ ಹತ್ತು ಮಂದಿ ಶಿಕ್ಷಕರಿಗಿಂತ ಅವರ ಊರಿನ ಒಬ್ಬ ಹುಡುಗನು ಮೇಲು.

6. ಉಚಿತವೆಂಬ ಹೆಸರಿನ ಮೋಸ

ಗಾಳಕ್ಕೆ ಸಿಕ್ಕಿಸಿದ ಎರೆಯನ್ನೂ ಮೀನಿಗೆ ಉಚಿತವಾಗಿಯೇ ಕೊಡುತ್ತಾರೆ. ಆದದರಿಂದ ಉಚಿತ ಶಿಕ್ಷಣವೆಂದು ಹೇಳುವ ಎಲ್ಲವನ್ನೂ ನಂಬತಕ್ಕದ್ದಲ್ಲ. ಕಂಪ್ಯೂಟರ್ ಕೆಲಸ, ಡೇಟಾ ಎಂಟ್ರಿ ಕೆಲಸ, ಕೈತುಂಬ ಸಂಬಳ, ಟಿಕೇಟು ನಮ್ಮದೇ ಎಂದು ಹೇಳಿ ಯೌವನಸ್ಥರನ್ನು ಕಂಬೋಡಿಯ, ಮ್ಯಾನ್ಮಾರ್ ಮೊದಲಾದ ದೇಶಗಳಿಗೆ ಕರಕೊಂಡು ಹೋಗಿ, ಪಾಸ್‌ಪೋರ್ಟನ್ನು ಕಸಿದುಕೊಂಡು, ಫೋನಿನ ಮೂಲಕ ಜನರನ್ನು ಮೋಸಮಾಡುವ ಕೆಲಸಕ್ಕೆ ಬಲವಂತವಾಗಿ ಹಚ್ಚಿದ್ದು ಈಚಿನ ವರುಷಗಳಲ್ಲಿ ಬೈಲಿಗೆ ಬಂದಿದೆ. ಕಂಬೋಡಿಯದಿಂದ ಸುಮಾರು 250 ಮಂದಿ ಭಾರತೀಯರನ್ನು ಬಿಡಿಸಿ ತಂದದ್ದಾಗಿ ನಮ್ಮ ವಿದೇಶಾಂಗ ಇಲಾಖೆಯು 2024ರಲ್ಲಿ ತಿಳಿಸಿತು. ವಿದ್ಯೆಯನ್ನು ಬಯಸಿ ಹೋದವನು ಅದೇ ವಿದ್ಯೆಯಿಂದ ಕಟ್ಟಲ್ಪಟ್ಟನು.

ನಿಜವಾದ ಉಚಿತ ಶಿಕ್ಷಣದ ಗುರುತುಗಳು ಇವು: ಕಲಿಸುವವರು ಮುಂಗಡ ಹಣವನ್ನು ಕೇಳುವದಿಲ್ಲ, ಮೂಲ ಕಾಗದಗಳನ್ನು ತಮ್ಮಲ್ಲಿ ಇಟ್ಟುಕೊಳ್ಳುವದಿಲ್ಲ, ಪಿನ್ನನ್ನಾಗಲಿ ಒಟಿಪಿಯನ್ನಾಗಲಿ ಕೇಳುವದಿಲ್ಲ, ಅರಿಯದ ಆ್ಯಪನ್ನು ಹಾಕಿಸುವದಿಲ್ಲ, ಕಲಿತವನನ್ನು ತಾವು ಹೇಳಿದ ಕೆಲಸಕ್ಕೇ ಸೇರಬೇಕೆಂದು ಕಟ್ಟುಮಾಡುವದಿಲ್ಲ, ಎಲ್ಲರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಪಾಠ ನಡಿಸುತ್ತಾರೆ. ನಾವು ಕಲಿಸುವಾಗಲೂ ಇವುಗಳನ್ನು ನಾವೇ ಕೈಕೊಳ್ಳಬೇಕು. ಯಾಕಂದರೆ ಮೋಸಗಾರನ ಕೈಯನ್ನೂ ಉಪಕಾರಿಯ ಕೈಯನ್ನೂ ಪರಸ್ಥಳದವನು ಬೇರೆಬೇರೆಯಾಗಿ ಗುರುತಿಸಬೇಕಾದರೆ ಉಪಕಾರಿಯ ನಡತೆಯು ತಪ್ಪಿಲ್ಲದ್ದಾಗಿರಬೇಕು.

7. ನಾವು ಮಾಡತಕ್ಕದ್ದೇನು?

‘ನಾವೇ ಬಡವರು, ಹಳ್ಳಿಯವರು; ನಮಗೇ ಈ ವಿದ್ಯೆ ಪೂರಾ ತಿಳಿಯದು’ ಎಂದು ಕೆಲವರು ಅಂದಾರು. ಮೇಲೆ ಹೇಳಿದ ಆರು ಪಾಠಗಳನ್ನು ಕಲಿಸುವದಕ್ಕೆ ದೊಡ್ಡ ಪಂಡಿತನು ಬೇಡ. ಕಾಲೇಜಿಗೆ ಹೋಗುವ ನಮ್ಮ ಮಗಳು ಅಥವಾ ಸ್ವಸಹಾಯ ಸಂಘದ ಲೆಕ್ಕವನ್ನು ಫೋನಿನಲ್ಲಿ ಇಡುವ ನಮ್ಮ ಅಕ್ಕನು ಸಾಕು. ಎರಡು ಫೋನು, ಒಂದು ಚಾಪೆ, ವಾರಕ್ಕೆ ಒಂದು ತಾಸು, ಆರು ವಾರ. ಇಷ್ಟರಲ್ಲಿ ಒಂದು ಶೆಡ್ಡಿನ ಜನರು ತಮ್ಮ ಕೂಲಿಯನ್ನು ತಾವೇ ಎಣಿಸಿಕೊಳ್ಳುವವರಾಗುವರು. ಮುಂದಕ್ಕೆ ಉದ್ಯೋಗದ ವಿದ್ಯೆ ಬೇಕೆಂದು ಕೇಳುವ ಯೌವನಸ್ಥರಿಗೆ ನಮ್ಮ ಜಿಲ್ಲೆಯ ಹಳಿಯಾಳದಲ್ಲಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯ ಹೆಸರನ್ನು ಹೇಳಬಹುದು. ಇಂಥ ಸಂಸ್ಥೆಗಳ ಮೂಲಮಾದರಿಯು 1982ರಲ್ಲಿ ಉಜಿರೆಯಲ್ಲಿ ಹುಟ್ಟಿತು. ಶಿಕ್ಷಣಕ್ಕೂ ಊಟವಸತಿಗೂ ಅಲ್ಲಿ ಹಣ ತೆಗೆದುಕೊಳ್ಳುವದಿಲ್ಲ.

ಇದನ್ನೂ ಮನಸ್ಸಿನಲ್ಲಿಡಬೇಕು. ಪರಸ್ಥಳದವನು ಮೇಸ್ತ್ರಿಗೆ ಲೆಕ್ಕ ಕೇಳುವದಕ್ಕೆ ಕಲಿತರೆ ನಮ್ಮಲ್ಲಿ ಕೆಲವರಿಗೆ ಹಿತವಾಗಲಿಕ್ಕಿಲ್ಲ. ತೋಟವುಳ್ಳವರು, ಮನೆ ಕಟ್ಟಿಸುವವರು ನಮ್ಮಲ್ಲಿಯೂ ಉಂಟು. ಕೂಲಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟು ಕೈತೊಳಕೊಳ್ಳುವದು ನಮಗೂ ಸುಲಭವಾಗಿ ತೋರುತ್ತದೆ. ಆದರೆ ದುಡಿದವನ ಖಾತೆಗೆ ನೇರವಾಗಿ ಕೂಲಿಯನ್ನು ಹಾಕಿ, ‘ಬಂತೋ ನೋಡು ತಮ್ಮಾ’ ಎಂದು ಅವನ ಫೋನಿನಲ್ಲಿ ಅವನಿಂದಲೇ ನೋಡಿಸಿರಿ. ಅದೂ ಒಂದು ಪಾಠವೇ. ಅದಕ್ಕೆ ಚಾಪೆಯೂ ಬೇಡ, ಸಂಜೆಯೂ ಬೇಡ.

ಮನೆಯಲ್ಲಿಯೂ ಕೂಟದಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

ಒಂದು: ನಮ್ಮ ಊರಿನಲ್ಲಿ ಈಗ ಪರಸ್ಥಳದಿಂದ ಬಂದವರು ಎಷ್ಟು ಮಂದಿ ಇದ್ದಾರೆ? ಅವರಲ್ಲಿ ಎಷ್ಟು ಜನರ ಹೆಸರನ್ನು ನಾವು ಬಲ್ಲೆವು?

ಎರಡು: ಅವರ ಕೂಲಿಯು ಯಾರ ಖಾತೆಗೆ ಹೋಗುತ್ತದೆ?

ಮೂರು: ಪರವೂರಿನಲ್ಲಿರುವ ನಮ್ಮ ಮಗನಾಗಲಿ ಮಗಳಾಗಲಿ ಫೋನನ್ನು ಕಳಕೊಂಡರೆ ಮೊದಲು ಮಾಡಬೇಕಾದದ್ದೇನೆಂದು ಅವರಿಗೆ ತಿಳಿದಿದೆಯೋ? ನಮಗೆ ತಿಳಿದಿದೆಯೋ?

ನಾಲ್ಕು: ಹಣ ಬರುವದಕ್ಕೆ ಪಿನ್ ಬೇಡ ಎಂಬ ಮಾತನ್ನು ಈ ವಾರದಲ್ಲಿ ನಾವು ಯಾರಿಗೆ ಹೇಳುವೆವು?

ಐದು: ನಮ್ಮ ಊರಿನಲ್ಲಿ ನೆಟ್‌ವರ್ಕೂ ದೀಪವೂ ನೆರಳೂ ಉಳ್ಳ ಸ್ಥಳ ಯಾವದು? ಮುಂದಿನ ವಾರದ ಸಂಜೆ ಅಲ್ಲಿ ಚಾಪೆ ಹಾಸುವವರು ಯಾರು?